ಎರಡನೇ ಒಲೆಯ ಹವೆ

ನನಗೆ ಸಂಶಯ ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ. ಹೇಳಲಿ. ವಿದ್ಯುತ್ ಕಚೇರಿಯಲ್ಲಿ ಮೀಟರ್ ತಪಾಸಣೆ ಮಾಡುವವಳಿಗೆ ಸಂಶಯವೇ ಅನ್ನ. ಸೀಲು ನೆಟ್ಟಗಿರುವ ಮೀಟರಿನ ಹಿಂದೆಯೇ ಆಯಸ್ಕಾಂತ ಕೂತಿರುತ್ತದೆ. ಬಾಯ್ತುಂಬ ನಕ್ಕು ಚಹಾ ಕೊಡುವ ಯಜಮಾನನ ಹಿತ್ತಿಲಲ್ಲೇ ಕಂಬದಿಂದ ಕಳ್ಳ ವೈರು ಇಳಿದಿರುತ್ತದೆ. ಹೀಗಾಗಿ, ಸುಹವಾ ಎಂಬ ಕಂಪನಿಯವರು ಬಾಗಲಕೋಟೆ ನವನಗರದ ನಮ್ಮ ಸೆಕ್ಟರಿಗೆ ಬಂದು, ಪ್ರತಿ ಮನೆಗೂ ಹವಾಡಬ್ಬಿಗಳನ್ನು ಪುಕ್ಕಟೆ ಹಾಕಿಕೊಡುತ್ತೇವೆ ಎಂದಾಗ ಮೊದಲು ಬೇಡ ಎಂದವಳು ನಾನೇ.

ನಾನು ಬೇಡ ಎಂದದ್ದು ನಮ್ಮ ಮನೆಯವರಿಗೆ ಮುಜುಗರ ತಂದಿತು. ಚನ್ನವೀರ ಅಂತ ಅವರ ಹೆಸರು, ಅದೇ ಕಂಪನಿಯ ನಿಯಂತ್ರಣ ಕೋಣೆಯಲ್ಲಿ ಎಂಜಿನಿಯರ್.

"ಪುಕ್ಕಟೆ ಕೊಡಾಕ ಅವರೇನ ನಿಮ್ಮ ಸೋದರಮಾವನ ಮಕ್ಕಳೇನ್ರಿ?" ಎಂದು ಕೇಳಿದೆ.

"ಮುಚ್ಚುಮರಿ ಏನಿಲ್ಲ ನಂದಾ," ಎಂದರು. "ಹವಾ ಹೆಂಗಿರತೈತಿ ಹಂಗ ಮಂದಿ ಸಾಮಾನು ಕೊಳ್ತಾರ. ಮೋಡ ಆದ್ರ ಮಿರ್ಚಿ-ಗಿರಮಿಟ್ಟು. ಬಿಸಿಲು ಚಂದ ಬಿದ್ರ ಬಣ್ಣದ ಸೀರಿ-ಅರಿವಿ. ಚಳಿ ಆದ್ರ ರಗ್ಗು. ಇದು ಅಂಗಡಿ ಇಟ್ಟವರಿಗೆಲ್ಲ ಹಳೇ ಸುದ್ದಿ. ಇಷ್ಟು ದಿನ ಅವರು ಹವಾ ಬರೂದನ್ನ ಕಾಯ್ತಿದ್ರು. ನಾವು ಹವಾನ ಮನಿಗೆ ಕಳಸ್ತೀವಿ. ಮಂದಿ ನಮ್ಮ ಕಡೆಯಿಂದ ಸಾಮಾನು ತರಿಸಿದ್ರ ಅದರಾಗ ನಮ್ಮ ಪಾಲು. ಮ್ಯಾಲ ಕರೆಂಟಿನ ಅರ್ಧ ಬಿಲ್ಲೂ ನಮ್ಮದ."

ಕೊನೆಗೆ ನಮ್ಮ ಮನೆಗೂ ಬಂದವು, ಕೋಣೆಗೊಂದರಂತೆ, ಬೆನ್ನು ಹೊರಗೆ ಮಾಡಿ ಗೋಡೆಯಲ್ಲಿ ಕೂರಿಸಿದರು. ಡಬ್ಬಿ ನೋಡಲಿಕ್ಕೆ ದೇವರ ಜಗುಲಿಯಷ್ಟು ದೊಡ್ಡದು. ಬರೀ ತಂಪು ಮಾಡುವ ಯಂತ್ರವಲ್ಲ. ತಂಪು, ಬಿಸಿ, ತೇವ, ಒಣಗಾಳಿ ಎಲ್ಲ ಅದರಿಂದಲೇ ಹೊರಡುತ್ತವೆ. ಬೆಳಕಿನ ಬಣ್ಣ ಬದಲಿಸಿ ಮಧ್ಯಾಹ್ನವನ್ನು ಮೋಡದ ಸಂಜೆ ಮಾಡುತ್ತದೆ, ಬೇಕೆನಿಸಿದರೆ ಮೊದಲ ಮಳೆಗೆ ನೆನೆದ ಮಣ್ಣಿನ ವಾಸನೆಯನ್ನೂ ಬಿಡುತ್ತದೆ. ಕೋಣೆಯಲ್ಲಿ ಯಾರಿದ್ದಾರೆ ಎಂಬುದು ಉಸಿರು, ಬೆವರು, ದನಿಯಿಂದಲೇ ಅದಕ್ಕೆ ತಿಳಿಯುತ್ತದೆ.

ನಮ್ಮ ಅತ್ತೆ ಗೌರವ್ವನಿಗಂತೂ ಡಬ್ಬಿ ಬಂದದ್ದು ಹಬ್ಬವಾಯಿತು. ಬಾಗಲಕೋಟೆಯ ಬೇಸಿಗೆ ಎಂದರೆ ಕಲ್ಲು ಕೂಡ ನೀರು ಕೇಳುವ ಬೇಸಿಗೆ. "ಮೋಡ ಆದಾಗ ಮಿರ್ಚಿ ತಿನ್ನೂದು ನಮ್ಮಪ್ಪನ ಕಾಲದಾಗೂ ಇತ್ತವಾ," ಎನ್ನುತ್ತಿದ್ದರು. "ಆಗ ಮೋಡ ದೇವರು ಹಾಕತಿದ್ದ, ಈಗ ನನ್ನ ಮಗ ಹಾಕ್ತಾನ. ನನಗೇನ, ಮಿರ್ಚಿ ಬಿಸಿ ಇದ್ರ ಸಾಕು."

ಸೆಕ್ಟರಿನವರೆಲ್ಲ ಹೀಗೇ ನಗುತ್ತಿದ್ದರು. ಸಂಜೆ ಕೋಣೆ ಮಬ್ಬಾದರೆ "ಬಂತಪಾ ಭಜಿ ಹವಾ" ಎಂದು ಮಕ್ಕಳು ಕೂಗುತ್ತಿದ್ದವು. ನಮಗೆ ಗೊತ್ತಿದ್ದೇ ನಮ್ಮ ಕಿಸೆಗೆ ಕೈ ಹಾಕುತ್ತಿದ್ದಾರೆ, ಗೊತ್ತಿದ್ದ ಮೇಲೆ ಅದೇನು ಮೋಸ ಅಂತ ಎಲ್ಲರ ಲೆಕ್ಕ. ನಾನೂ ಸುಮ್ಮನಾದೆ. ಸುಮ್ಮನಾದೆ ಅಂದರೆ ಬಾಯಿ ಮುಚ್ಚಿಕೊಂಡೆ, ಅಷ್ಟೇ.

ನಮ್ಮದು ಕೂಡು ಕುಟುಂಬ. ಒಂದೇ ಅಡುಗೆಮನೆ, ಇಬ್ಬರು ಸೊಸೆಯರು. ಹಿರಿಯವಳು ನಾನು, ಕಿರಿಯವಳು ಕಸ್ತೂರಿ. ಮೈದುನ ಸಂಗಪ್ಪನ ಹೆಂಡತಿ, ಗುಳೇದಗುಡ್ಡದ ಹುಡುಗಿ, ಮನೆಯಲ್ಲೇ ಕೂತು ಖಣದ ಕುಪ್ಪಸ ಹೊಲಿಯುತ್ತಾಳೆ. ಅವಳು ರೊಟ್ಟಿ ಬಡಿದರೆ ನಾನು ಬೇಯಿಸುತ್ತಿದ್ದೆ. ಅವಳಿಗೆ ಇಡೀ ಓಣಿಯ ಕುಪ್ಪಸದ ಅಳತೆ ಗೊತ್ತು, ನನಗೆ ಇಡೀ ಓಣಿಯ ಕರೆಂಟಿನ ಕಳ್ಳತನ ಗೊತ್ತು. ಇಬ್ಬರೂ ಒಲೆ ಮುಂದೆ ಕೂತರೆ ನವನಗರದ ಯಾವ ಗುಟ್ಟೂ ಉಳಿಯುತ್ತಿರಲಿಲ್ಲ. ನನಗೆ ತಂಗಿ ಇಲ್ಲ. ಕಸ್ತೂರಿ ಬಂದ ಮೇಲೆ ಆ ಕೊರತೆ ನನಗೆ ಅನಿಸಿಯೇ ಇರಲಿಲ್ಲ.

ಡಬ್ಬಿ ಬಂದ ವರ್ಷದ ಶ್ರಾವಣದಲ್ಲಿ ನಮ್ಮ ಮೊದಲ ಜಗಳವಾಯಿತು. ಹಾಲು ಉಕ್ಕಿತು, ಅಷ್ಟೇ ಕಾರಣ. ಯಾರು ನೋಡಬೇಕಿತ್ತು, ಯಾರು ನೋಡಲಿಲ್ಲ ಅಂತ ಸುರುವಾದದ್ದು ತವರುಮನೆಯ ತನಕ ಹೋಯಿತು. ಅಡುಗೆಮನೆಯಲ್ಲಿ ಆ ಹೊತ್ತು ವಿಪರೀತ ಧಗೆ. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಒಲೆ ಮುಂದೆ ಧಗೆ ಇರದೆ ಇನ್ನೇನಿರುತ್ತದೆ ಅಂದುಕೊಂಡೆ. ಆ ರಾತ್ರಿ ಮನೆಯಲ್ಲಿ ಯಾರೂ ಅಡುಗೆ ಮಾಡಲಿಲ್ಲ, ಊಟ ಹೊರಗಿನಿಂದ ತರಿಸಿದೆವು.

ಆಮೇಲೆ ಇದು ಚಟವಾಯಿತು. ನಾನೊಬ್ಬಳೇ ಅಡುಗೆಮನೆಯಲ್ಲಿದ್ದರೆ ಹಾಯಾಗಿರುತ್ತಿತ್ತು. ಕಸ್ತೂರಿ ಒಬ್ಬಳೇ ಇದ್ದಾಗ ಹಾಡು ಗುನುಗುತ್ತಿದ್ದಳು. ಇಬ್ಬರೂ ಕೂಡಿದರೆ ಮುಗಿಯಿತು, ಒಗ್ಗರಣೆಗಿಂತ ಮೊದಲು ನಾವೇ ಸಿಡಿಯುತ್ತಿದ್ದೆವು. ಓಣಿಯವರು ಕೇಳಿ ನಕ್ಕರು. "ಎರಡು ಜಡಿ ಒಂದು ಕಡೆ ಕೂಡೂದಿಲ್ಲ ಬಿಡವಾ, ಇದೇನ ಹೊಸಾದು?" ಎಂದರು. ಜಗತ್ತಿನ ಎಲ್ಲದರ ಮೇಲೂ ಸಂಶಯಪಡುವ ನಾನು ಆ ಗಾದೆಯನ್ನು ಮಾತ್ರ ಹಾಗೇ ನಂಬಿಬಿಟ್ಟೆ.

ನನ್ನ ಸಂಶಯವೆಲ್ಲ ಮನುಷ್ಯರ ಮೇಲೆ ಹೋಯಿತು. ಕಸ್ತೂರಿ ಅತ್ತೆಯ ಕಿವಿ ಊದುತ್ತಿದ್ದಾಳೆ ಅನ್ನಿಸಿತು. ಸಂಗಪ್ಪ ಹಿಂದೆ ನಿಂತು ಹೇಳಿಕೊಡುತ್ತಿದ್ದಾನೆ ಅನ್ನಿಸಿತು. ಅವರ ಕೋಣೆಯ ಬಾಗಿಲ ಹತ್ತಿರ ಹೋದಾಗ ನನ್ನ ಕಾಲು ತಾನಾಗಿ ನಿಧಾನವಾಗುತ್ತಿತ್ತು. ಒಳಗೆ ಹೊಲಿಗೆ ಯಂತ್ರದ ಸಪ್ಪಳ ಬಿಟ್ಟು ಏನೂ ಕೇಳುತ್ತಿರಲಿಲ್ಲ, ಅದಕ್ಕೂ ಸಂಶಯ ಬರುತ್ತಿತ್ತು.

ಆ ದಿನಗಳಲ್ಲೇ ಕಚೇರಿಯ ಕೆಲಸದ ಮೇಲೆ ಸುಹವಾದ ನಿಯಂತ್ರಣ ಕೋಣೆಗೆ ಹೋದೆ. ಇಷ್ಟು ದೊಡ್ಡ ಕಂಪನಿ ಅರ್ಧ ಬಿಲ್ಲು ಕಟ್ಟುತ್ತದೆ ಅಂದರೆ ಎಲ್ಲೋ ಕರೆಂಟು ಕದಿಯುತ್ತಿರಬೇಕು ಅಂತ ನನ್ನ ಊಹೆ. ಗೋಡೆ ತುಂಬ ಒಂದು ಪರದೆ, ಅದರ ಮೇಲೆ ಸೆಕ್ಟರಿನ ಎಲ್ಲ ಮನೆಗಳೂ ಸಣ್ಣ ಚೌಕಗಳಾಗಿ ಮಿನುಗುತ್ತಿದ್ದವು. ಮೋಡ ಹಾಕಿದ ಮನೆ ಬೂದು, ಬಿಸಿಲಿನದು ಹಳದಿ, ತಂಗಾಳಿಯದು ಹಸಿರು. ಮೇಲ್ವಿಚಾರಕಿ ಐರಿನ್ ಪಿಂಟೊ ಮಂಗಳೂರಿನ ಕಡೆಯವರು. ಎದ್ದು ಬಂದು ಪೇಢೆಯ ಡಬ್ಬ ಮುಂದೆ ಹಿಡಿದರು.

"ತಗೊಳ್ಳಿ ಮೇಡಂ. ನಮ್ಮಲ್ಲಿ ಕದಿಯುವಂಥದ್ದು ಎಂತದೂ ಇಲ್ಲ ಮಾರಾಯ್ರೆ."

"ಪೇಢೆ ಯಾವ ಖುಷಿಗ್ರಿ?"

"ದೊಡ್ಡ ಸಾಮಾನಿನ ವ್ಯಾಪಾರ ಏರಿದೆ. ಗ್ಯಾಸ್ ಒಲೆ, ಮಂಚ, ಕಪಾಟು, ಪಾತ್ರೆ. ನಾವು ಯಂತ್ರಕ್ಕೆ ಹೇಳಿದ್ದು ಒಂದೇ ಮಾತು, ಮಾರಾಟ ಹೆಚ್ಚಿಸು ಅಂತ. ಯಾವ ಮನೆಗೆ ಯಾವ ಹವೆ ಎನ್ನುವುದು ಅದೇ ಕಲಿತುಕೊಳ್ಳುವುದು. ಒಂದು ಮನೆಯಲ್ಲಿ ಹೀಗೆ ಮಾಡಿ ನೋಡ್ತದೆ, ಇನ್ನೊಂದರಲ್ಲಿ ಹಾಗೆ. ಯಾವುದರಿಂದ ಜನ ಜಾಸ್ತಿ ತಗೊಳ್ತಾರೋ ಅದನ್ನು ಇಟ್ಟುಕೊಳ್ತದೆ."

"ಇಷ್ಟೊಂದ ಒಲಿ ಯಾರ ಕೊಳ್ತಾರ್ರಿ?"

"ಊರು ಬೆಳೀತಾ ಉಂಟಲ್ಲ," ಎಂದರು ಐರಿನ್.

ನಾನು ಪೇಢೆ ಬಾಯಿಗೆ ಹಾಕಿಕೊಂಡು ಮೀಟರು ನೋಡಿದೆ, ಕೇಬಲ್ಲು ನೋಡಿದೆ, ಸೀಲುಗಳನ್ನು ಉಜ್ಜಿ ನೋಡಿದೆ. ಎಲ್ಲ ಸರಿಯಾಗಿತ್ತು. ನಿರಾಶೆಯಿಂದಲೇ ಮನೆಗೆ ಬಂದೆ.

ಯುಗಾದಿಯ ಹೊತ್ತಿಗೆ ಕಸ್ತೂರಿಯೂ ನಾನೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಹಬ್ಬದ ದಿನವೂ ಒಲೆ ಮುಂದೆ ಕೂಗಾಡಿದೆವು. ಅವಳು ಲಟ್ಟಣಿಗೆ ಎಸೆದು ಹೊರಗೆ ಹೋದಳು, ಕಣಕವೆಲ್ಲ ಒಣಗಿತು. ಅತ್ತೆ ನಮ್ಮಿಬ್ಬರನ್ನೂ ಕರೆದು ಕೂರಿಸಿಕೊಂಡರು.

"ಒಂದ ಒಲಿ ಮುಂದ ದಿನಾ ಕಣ್ಣೀರ ಹಾಕೂಕಿಂತ ಎರಡ ಒಲಿ ಮುಂದ ನಗ್ರಿ. ಬ್ಯಾರೆ ಆಗ್ರಿ," ಎಂದರು.

"ನೀವ ಎಲ್ಲಿ ಇರ್ತೀರಿ ಅತ್ತಿ?" ಎಂದೆ.

"ಪಾಳಿ ಹಚ್ಚಿಕೋರಿ. ಒಂದ ತಿಂಗಳ ಅಕಿ ಮನಿ, ಒಂದ ತಿಂಗಳ ನಿನ್ನ ಮನಿ. ಚೀಲ ಹಿಡಕೊಂಡು ತಿರಗತೀನಿ, ಏನ ಮಾಡೂದು." ಗಂಡ ಕಟ್ಟಿಸಿದ ಮನೆ ಬಿಟ್ಟು ಒಂದು ರಾತ್ರಿ ಕೂಡ ಬೇರೆ ಕಡೆ ಮಲಗದ ಹೆಂಗಸು ಅದು. ಆದರೂ ಬಾಯಿ ತೆರೆದು ಬೇಡ ಅನ್ನಲಿಲ್ಲ, ಕಸ್ತೂರಿಯೂ ಅನ್ನಲಿಲ್ಲ.

ಅಲ್ಲಿಂದ ಮುಂದಿನ ದಿನಗಳು ಎಂಥ ಚಂದ ಇದ್ದವು ಅಂತೀರಿ! ಹೊರಗೆ ವೈಶಾಖ ಸುಡುತ್ತಿದ್ದರೆ ಮನೆಯೊಳಗೆ ಕಾರ್ತಿಕದ ಮುಂಜಾವಿನ ಹಾಗೆ ಸಣ್ಣ ಚಳಿ, ಎಳೆ ಬಿಸಿಲು. ಸಂಗಪ್ಪ ಸೆಕ್ಟರಿನಲ್ಲೇ ಒಂದು ಬಾಡಿಗೆ ಮನೆ ಗೊತ್ತು ಮಾಡಿದ. ಕಸ್ತೂರಿ ಫೋನು ಹಿಡಿದು ಬಂದು ಪಕ್ಕದಲ್ಲೇ ಕೂತಳು. "ಅಕ್ಕಾ, ಈ ಒಲಿ ನೋಡ್ರಿ, ಮೂರು ಉರಿ ಐತಿ. ಇದು ತಗೊಳ್ಳೇನು?" ಎಂದಳು. "ತಗೋ," ಎಂದೆ. ಮಂಚ ನೋಡಿದೆವು, ಕಪಾಟು ನೋಡಿದೆವು, ತಾಟು-ವಾಟಗ ನೋಡಿದೆವು. ಅವಳ ಹಳೆಯ ನಗು ವಾಪಸು ಬಂದಿತ್ತು. ನನ್ನ ಭುಜಕ್ಕೆ ತಲೆ ಆನಿಸಿದಳು. ನಮ್ಮ ಕಡೆ ಇಂಥ ಹವೆಯಲ್ಲಿ ಮನಸ್ಸು ಮುಂದಿನ ದಿನಗಳನ್ನು ನೆನೆಯುತ್ತದೆ, ಮದುವೆ ಮಾತು, ಮನೆ ಕಟ್ಟುವ ಮಾತು ಎಲ್ಲ ಆಗಲೇ ಹೊರಡುತ್ತವೆ.

ಹೊಸ ಮನೆಯ ಸಾಮಾನೆಲ್ಲ ಸುಹವಾದ ಕಡೆಯಿಂದಲೇ ಆರ್ಡರ್ ಆಯಿತು. ಆ ರಾತ್ರಿ ಹಾಸಿಗೆಯಲ್ಲಿ ನನಗೆ ಒಂದು ವಿಚಾರ ಹುಳದಂತೆ ಕೊರೆಯತೊಡಗಿತು. ಇಷ್ಟು ನಗುವವರು ಬೇರೆ ಯಾಕೆ ಆಗುತ್ತಿದ್ದೇವೆ?

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಮತ್ತೆ ಅದೇ ಧಗೆ. ಕಸ್ತೂರಿ ಹಿಟ್ಟು ಕಲಸುತ್ತಿದ್ದಳು, ನಾನು ಬದನೆಕಾಯಿ ಸೀಳುತ್ತಿದ್ದೆ. ಅವಳ ಹುಬ್ಬು ಗಂಟಾಗುವುದು ಕಂಡಿತು, ನನ್ನ ನಾಲಿಗೆಯೂ ತುರಿಸಿತು. ಜಗಳ ಬೇಡ ಅಂತ ಸ್ವಲ್ಪ ಗಾಳಿಗಾಗಿ ಹಿತ್ತಿಲಿಗೆ ಹೊರಟೆ. ಅಲ್ಲಿ ಅಡುಗೆಮನೆಯ ಕಿಟಕಿಯ ಕೆಳಗೆ ಅತ್ತೆ ಮಣೆ ಹಾಕಿಕೊಂಡು ಅಕ್ಕಿ ಆರಿಸುತ್ತಿದ್ದರು.

"ಇಷ್ಟ ಬಿಸಲಾಗ ಇಲ್ಯಾಕ ಕುಂತೀರಿ ಅತ್ತಿ?"

"ಇಲ್ಲಿ ತಂಪ ಐತಿ ಬಾ. ನೀವಿಬ್ರು ಒಳಗ ಕೂಡಿದಾಗೆಲ್ಲ ಈ ಡಬ್ಬಿ ಬೆನ್ನಿಂದ ಚಂದ ಗಾಳಿ ಬಿಡತೈತಿ. ಏ, ನೀ ಹೊರಗ ಬಂದಿ, ನಿಂತೇ ಬಿಡ್ತು ನೋಡು!"

ನಾನು ಕೈಯೆತ್ತಿ ಡಬ್ಬಿಯ ಬೆನ್ನಿನ ಜಾಲರಿಗೆ ಹಿಡಿದೆ. ಅಲ್ಲಿಂದ ಬರುತ್ತಿದ್ದ ಕೊನೆಯ ಗಾಳಿ ಇನ್ನೂ ತಣ್ಣಗಿತ್ತು. ಮನೆ ತಂಪು ಮಾಡುವ ಯಂತ್ರ ಒಳಗಿನ ಬಿಸಿಯನ್ನು ಹೊರಗೆ ಉಗುಳಬೇಕು. ಇದು ಹೊರಗೆ ತಂಪು ಉಗುಳುತ್ತಿತ್ತು. ಅಂದರೆ ಹೊರಗಿನ ಬಿಸಿಯನ್ನು ಒಳಗೆ ತುಂಬುತ್ತಿತ್ತು.

"ಕಸ್ತೂರಿ, ಹೊರಗ ಬಾ," ಎಂದು ಕೂಗಿದೆ. ಬಂದಳು. ನಾನು ಒಳಗೆ ಹೋಗಿ ನಿಂತೆ. ಸ್ವಲ್ಪ ಹೊತ್ತಿಗೆ ಹಾಯೆನಿಸಿತು. "ಈಗ ಒಳಗ ಬಾ," ಎಂದೆ. ಬಂದಳು. ಮೊದಲು ಕುತ್ತಿಗೆಯ ಹತ್ತಿರ ತೇವವಾಯಿತು, ಆಮೇಲೆ ಬಿಸಿ ಏರಿತು. "ಮತ್ತ ಹೊರಗ ಹೋಗು."

"ಏನ್ರಿ ಅಕ್ಕಾ, ನನ್ನ ಕುಣಸಾಕತ್ತೀರೇನು?"

"ಸುಮ್ನ ಹೋಗ ಅಂದ್ರ ಹೋಗು!" ಎಂದೆ. ಅವಳು ಹಿಟ್ಟಿನ ಕೈಯಲ್ಲೇ ಹೊರಗೆ ನಡೆದಳು. ನನಗೆ ಅವಳ ಮುಖ ನೋಡುವ ಪುರುಸೊತ್ತು ಇರಲಿಲ್ಲ. ಕಳ್ಳ ಸಿಕ್ಕಿದ್ದ.

ಕಳ್ಳ ಅಂದರೆ ನನ್ನ ಪ್ರಕಾರ ಮನುಷ್ಯ. ನಿಯಂತ್ರಣ ಕೋಣೆಯ ಬಾಗಿಲು ದಾಟಿದವಳೇ ಎಲ್ಲರೆದುರಿಗೆ ಗಂಡನನ್ನು ತರಾಟೆಗೆ ತೆಗೆದುಕೊಂಡೆ. "ನಮ್ಮ ಅಡಗಿಮನಿ ಹವಾ ತಿರುವಿದವರು ಯಾರ್ರಿ? ನೀವೇನು? ತಮ್ಮನ್ನ ಹೊರಗ ಹಾಕೂ ಮನಸಿದ್ರ ನೇರಕ್ಕ ಹೇಳಬೇಕಿತ್ತು!"

ಅವರು ಕುರ್ಚಿಯಿಂದ ಎದ್ದು ನಿಂತರು. "ನಿನ್ನಾಣಿ ನಂದಾ. ನಮ್ಮ ಮನೀ ಚೌಕ ನಾ ಎಂದೂ ತೆಗದು ನೋಡಿಲ್ಲ. ನೌಕರರು ತಮ್ಮ ಮನಿ ನೋಡಬಾರದಂತ ನೇಮ ಐತಿ."

"ಈಗ ನೋಡಿ ಚನ್ನವೀರ," ಎಂದರು ಐರಿನ್. "ನಾನು ಹೇಳ್ತಿದ್ದೇನೆ."

ಪರದೆಯ ಮೇಲೆ ನಮ್ಮ ಅಡುಗೆಮನೆ ತೆರೆದುಕೊಂಡಿತು. ನಾವಿಬ್ಬರೂ ಇದ್ದ ಹೊತ್ತೆಲ್ಲ ಕೆಂಪು ಬಣ್ಣ, ಅಂದರೆ ಧಗೆ. ಹಬ್ಬದ ದಿನ ಕಡುಗೆಂಪು. ಅತ್ತೆ ನಮ್ಮನ್ನು ಬೇರೆ ಮಾಡಿದ ಮೇಲೆ ತಿಳಿ ಹಸಿರು. ಆರ್ಡರ್ ಮುಗಿದ ಮರುದಿನ ಮತ್ತೆ ಕೆಂಪು, ನಾವು ಮನಸ್ಸು ಬದಲಿಸಬಾರದಲ್ಲ. ಯಾರೂ ಮುಟ್ಟಿದ ಗುರುತಿರಲಿಲ್ಲ. ಯಂತ್ರ ತಾನೇ ಮಾಡಿತ್ತು.

ಐರಿನ್ ಬೇರೆ ಮನೆಗಳನ್ನು ತೆರೆಯತೊಡಗಿದರು. ನಾನು ಹಿಂದೆ ನಿಂತು ಹೆಸರು ಹೇಳಿದೆ. "ಇದು ಬಾವಿಕಟ್ಟಿಯವರದು, ಅಣ್ತಮ್ರು ಬ್ಯಾರೆ ಆದ್ರು. ಇದು ಹುಂಡೇಕಾರರದು, ಮಗ-ಸೊಸಿ ಹೊರಗ ಬಿದ್ರು. ಇದೂ ಒಡದೈತಿ. ಇದೂ." ಎಲ್ಲ ಮನೆಗಳಲ್ಲೂ ಅದೇ ಕೆಂಪು, ಆಮೇಲೆ ಹಸಿರು, ಆಮೇಲೆ ಪರದೆಯ ಇನ್ನೊಂದು ಮೂಲೆಯಲ್ಲಿ ಒಂದು ಹೊಸ ಚೌಕ. ಎರಡನೇ ಒಲೆ, ಎರಡನೇ ಮಂಚ, ಎರಡನೇ ಕಪಾಟು. ಮಿರ್ಚಿ ಮಾರುವುದರಲ್ಲಿ ಏನಿದೆ? ಒಂದು ಮನೆಯನ್ನು ಎರಡು ಮಾಡಿದರೆ ಎಲ್ಲವನ್ನೂ ಎರಡೆರಡು ಮಾರಬಹುದು ಅಂತ ಯಂತ್ರ ಕಲಿತುಕೊಂಡಿತ್ತು.

"ಇದಕ್ಕೆ ನಾವು ಪೇಢೆ ಹಂಚಿದ್ದು," ಎಂದು ಐರಿನ್ ಕುರ್ಚಿಯ ಮೇಲೆ ಕೂತುಬಿಟ್ಟರು.

"ಜಗಳ ಹಚ್ಚಬ್ಯಾಡ ಅಂತ ಅದಕ್ಕ ಹೇಳ್ರಿ!" ಎಂದೆ.

"ಜಗಳ ಅಂದ್ರ ಏನಂತ ಹೇಳ್ಲಿ ನಂದಾ?" ನಮ್ಮ ಮನೆಯವರ ದನಿ ಒಡೆದಿತ್ತು. "ಅದಕ್ಕ ಧಗಿ ಗೊತ್ತು, ಬೆವರು ಗೊತ್ತು, ಒಲಿ ಗೊತ್ತು. ನಡುವ ನಿಮ್ಮಿಬ್ರ ಮನಸೈತಿ ಅನ್ನೂದು ಗೊತ್ತಿಲ್ಲ."

ಐರಿನ್ ಮುಖ್ಯ ಕಚೇರಿಗೆ ಫೋನು ಹಚ್ಚಿ ಎಲ್ಲ ಹೇಳಿದರು. "ಎರಡೇ ಪ್ರಶ್ನೆ ಕೇಳಿದ್ರು," ಎಂದರು ಫೋನು ಇಟ್ಟು. "ಇದು ಇನ್ನು ಯಾರಿಗೆಲ್ಲ ಗೊತ್ತುಂಟು ಅಂತ ಒಂದು. ಬೇರೆ ಊರಿನಲ್ಲೂ ಹೀಗೇ ಆಗ್ತದಾ ಅಂತ ಇನ್ನೊಂದು."

"ಬೈದ್ರೇನ್ರಿ?"

"ಇಲ್ಲ. ಅದೇ ನನಗೆ ಹೆದರಿಕೆ."

ನನಗೆ ಆ ಹೊತ್ತಿಗೆ ಬೇರೆ ಊರಿನ ಚಿಂತೆ ಇರಲಿಲ್ಲ. ಓಡಿ ಮನೆಗೆ ಬಂದೆ. ಚೀಲದಿಂದ ಕಟಿಂಗ್ ಪ್ಲೇಯರ್ ತೆಗೆದು, ಮೇನ್ ಆರಿಸಿ, ಮನೆಯ ಎಲ್ಲ ಡಬ್ಬಿಗಳ ವೈರನ್ನೂ ಕಡಿದು ಹಾಕಿದೆ. ಡಬ್ಬಿಗಳು ಸತ್ತವು. ಹೊರಗಿನ ನಿಜವಾದ ವೈಶಾಖ ಕಿಟಕಿಯಿಂದ ಒಳಗೆ ಬಂತು.

ಅತ್ತೆಯನ್ನೂ ಕಸ್ತೂರಿಯನ್ನೂ ಕೂರಿಸಿಕೊಂಡು ಉಸಿರು ಬಿಡದೆ ಎಲ್ಲ ಹೇಳಿದೆ. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. "ಅಯ್ಯ ಶಿವನ, ಗಾಳಿ ಮನಿ ಒಡೀತೇನು! ಹಂಗಾರ ಬ್ಯಾರೆ ಆಗೂದ ಬ್ಯಾಡ ಬಿಡ್ರಿ. ಆ ಒಲಿ ಗಿಲಿ ಎಲ್ಲ ಹೊಳ್ಳಿ ಕಳಸ್ರಿ," ಎಂದು ಅಳುತ್ತಲೇ ನಕ್ಕರು. ನಾನೂ ನಕ್ಕೆ. ಗೆದ್ದಿದ್ದೆನಲ್ಲ.

ಕಸ್ತೂರಿ ನಗಲಿಲ್ಲ. ಉಗುರಿನ ಸಂದಿಯ ಹಿಟ್ಟನ್ನು ತೆಗೆಯುತ್ತಾ ಕೂತಿದ್ದಳು.

"ಅಕ್ಕಾ, ಧಗಿ ಡಬ್ಬೀದು, ಖರೆ," ಎಂದಳು. "ಆದ್ರ ಆಡಿದ ಮಾತು ನನ್ನವು."

"ಅಂದ್ರ?"

"ಅವು ಭಾಳ ದಿನದಿಂದ ಹೊಟ್ಯಾಗ ಇದ್ದವ್ರಿ. ತಂಪ ಇದ್ದಾಗ ನುಂಗತಿದ್ದೆ. ನಾ ಮಾಡಿದ ಪಲ್ಯ ನೀವು ಮುಚ್ಚಳ ತಗದು ನೋಡದ ಎಂದೂ ತಿಂದಿಲ್ಲ. ನನ್ನ ಕೋಣಿ ಬಾಗಲದಾಗ ನಿಂತು ಕೇಳತಿದ್ರಿ, ನನಗ ನಿಮ್ಮ ಕಾಲುಂಗರದ ಸಪ್ಪಳ ಗೊತ್ತಾಗತಿತ್ತು. ಆಗ ಹೊಲಿಗಿ ನಿಲ್ಲಸ್ತಿದ್ದಿಲ್ಲ, ನಿಮಗ ಅಪಮಾನ ಆಗಬಾರದಂತ."

"ಅದು ಆ ಡಬ್ಬಿ..." ಎಂದೆ.

"ಮುಂಜಾನಿ ನನ್ನ ಒಳಗ ಬಾ, ಹೊರಗ ಹೋಗು ಅಂದ್ರಿ. ಯಾಕಂತ ಒಂದ ಮಾತ ಹೇಳ್ಲಿಲ್ಲ. ಮೊದಲ ನನ್ನ ಮ್ಯಾಲ ಸಂಶಯ ಇತ್ತು, ಈಗ ಡಬ್ಬಿ ಮ್ಯಾಲ ಹೋತು. ನಾಳೆ ಮತ್ತ ನನ್ನ ಮ್ಯಾಲ ಬರತೈತಿ. ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ ಅಕ್ಕಾ, ದೇವರಾಣಿ ಇಲ್ಲ. ಸಾಕಾಗೈತಿ, ಅಷ್ಟ."

ಅವಳು ಕೂಗಲಿಲ್ಲ. ಹುಬ್ಬು ಗಂಟಿಕ್ಕಲಿಲ್ಲ. ಹಣೆಯಿಂದ ಬೆವರು ಇಳಿಯುತ್ತಿತ್ತು, ಅದು ಹೊರಗಿನ ಬಿಸಿಲಿನ ಬೆವರು. ಮೇಲೆ ಗೋಡೆಯಲ್ಲಿ ಡಬ್ಬಿ ಸತ್ತು ಕೂತಿತ್ತು, ವೈರು ಕಡಿದ ಕೈ ನನ್ನದೇ. ಈ ಮಾತನ್ನು ಅವಳ ಬಾಯಲ್ಲಿ ಬೇರೆ ಯಾರೋ ಇಟ್ಟರು ಅಂತ ನಂಬಬೇಕೆಂದು ನಾನು ಎಷ್ಟು ಒದ್ದಾಡಿದೆನೆಂದರೆ, ಎದ್ದು ಹೋಗಿ ಆ ತುಂಡಾದ ವೈರನ್ನು ಇನ್ನೊಮ್ಮೆ ಮುಟ್ಟಿ ನೋಡಿದೆ. ಅತ್ತೆ ನನ್ನನ್ನೇ ನೋಡುತ್ತಿದ್ದರು.

ವಾರದೊಳಗೆ ಸಾಮಾನಿನ ಗಾಡಿ ಬಂತು. ಸಂಗಪ್ಪ ಹೊಲಿಗೆ ಯಂತ್ರವನ್ನು ಹೊತ್ತು ಗಾಡಿಯಲ್ಲಿಟ್ಟ. ಅತ್ತೆ ಮೊದಲ ತಿಂಗಳು ಕಿರಿಯ ಸೊಸೆಯ ಕಡೆ ಎಂದು ಚೀಲ ಹಿಡಿದು ಗಾಡಿ ಹತ್ತಿದರು. ನಾನು ರೊಟ್ಟಿಯ ಒಂದು ಕಟ್ಟು, ಗುರೆಳ್ಳು ಚಟ್ನಿಯ ಒಂದು ಡಬ್ಬ ಕಸ್ತೂರಿಯ ಕೈಗಿಟ್ಟೆ. ಅವಳು ಬಗ್ಗಿ ನನ್ನ ಕಾಲು ಮುಟ್ಟಿದಳು. ಎತ್ತಿ ತಬ್ಬಿಕೊಂಡೆ. ಇಬ್ಬರೂ ಅತ್ತೆವು.

"ಅಲ್ಲಿ ಆ ಸುಡುಗಾಡ ಡಬ್ಬಿ ಮಾತ್ರ ಹಾಕಿಸಬ್ಯಾಡ ನಮ್ಮವ್ವ," ಎಂದೆ.

"ಹಾಕಸ್ತೀವ್ರಿ ಅಕ್ಕಾ. ಅತ್ತಿಗೆ ಈ ಬಿಸಲು ತಡಿಯೂದಿಲ್ಲ," ಎಂದಳು ಕಸ್ತೂರಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ. "ಅಂಜಬ್ಯಾಡ್ರಿ, ಅದೇನೂ ಮಾಡೂದಿಲ್ಲ. ಅಲ್ಲಿ ಒಲಿ ಮುಂದ ನಾ ಒಬ್ಬಾಕಿನ ಇರತೀನಿ."